ಕಾಳ್ಯಾ ಮಲಗಿದ್ದು ಲಂಚಕ್ಕಲ್ಲ

ಕಾಳ್ಯಾ ನಮ್ಮ ಮನೆಯ ನಾಯಿ. ಕರಿ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿದ್ದು, ಜಾತಿ ಕೇಳಿದರೆ ಊರ ನಾಯಿ. ಕರೆದರೆ ಬರುತ್ತಿದ್ದ, ‘ಕೂಡ್ರು’ ಅಂದರೆ ಕೂಡ್ರುತ್ತಿದ್ದ. ‘ಮಲಗು’ ಅಂದರೆ ಮಾತ್ರ ಮುಖ ಆ ಕಡೆ ತಿರುಗಿಸಿ, ಸಾಲ ಕೇಳಲು ಬಂದವರನ್ನು ಕಂಡಂತೆ ಮಾಡುತ್ತಿದ್ದ. ಹೋದ ಮಳೆಗಾಲದಲ್ಲಿ ಬೇಯಿಸಿದ ಕೋಳಿ ಲಿವರಿನ ಚೂರು ಕೊಡುತ್ತ ಕೊಡುತ್ತ ಮೂರು ವಾರದಲ್ಲಿ ಅವನಿಗೆ ಮಲಗುವುದನ್ನು ಕಲಿಸಿದೆ. ನಾನು ಮಾಡಿದ್ದು ಇಷ್ಟೇ. ಇಷ್ಟಕ್ಕೇ ರಾಮನಗರದ ಚಾದಂಗಡಿಯಿಂದ ದಾಂಡೇಲಿಯ ನೆಂಟರ ಪಡಸಾಲೆಯವರೆಗೆ ನನ್ನ ಮೇಲೆ ಪಂಚಾಯಿತಿ ನಡೆಯಿತು. ಎದುರಿಗೇ ಹೇಳಿದವರಿಗೆ ಅಲ್ಲೇ ಉತ್ತರ ಕೊಟ್ಟೆ. ಬೆನ್ನ ಹಿಂದೆ ಹೇಳಿದವರಿಗೆ ಇಲ್ಲಿ ಕೊಡುತ್ತಿದ್ದೇನೆ.

ನಮ್ಮ ತಾಲೂಕಿನ ಹೆಸರು ಈಗ ಜೋಯಿಡಾ. ಹಿರಿಯರ ಬಾಯಲ್ಲಿ ಅದು ಇಂದಿಗೂ ಸೂಪಾ. ಗಣೇಶಗುಡಿಯ ಹತ್ತಿರ ಕಾಳಿ ನದಿಗೆ ಆಣೆಕಟ್ಟು ಬಂದು ಸೂಪಾ ಊರೇ ನೀರಿನಡಿ ಹೋಯಿತು, ಹೆಸರು ಮುಳುಗಲಿಲ್ಲ. ಹಾಗೆ ಮುಳುಗದೆ ಉಳಿದ ಇನ್ನೊಂದು ಮಾತು ‘ದಂಡಂ ದಶಗುಣಂ’. ನನ್ನ ಜಗಳವೆಲ್ಲ ಆ ಮಾತಿನ ಜೊತೆ.

ಮೊದಲ ಆಕ್ಷೇಪ ಎತ್ತಿದವರು ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತರಾದ ನಮ್ಮ ಕಾಕಾ. ‘ತಿನ್ನೂದು ತೋರ್ಸಿ ಮಲಗಸೂದು ಏನ್ ಕಲಸೂದವ್ವಾ? ಅದು ಲಂಚ.’ ನಾನು ಕೇಳಿದೆ: ‘ಕಾಕಾ, ತಿಂಗಳ ಪಗಾರ ನಿಂತಿದ್ದರೆ ನೀವು ಎಷ್ಟು ದಿನ ಪಾಳಿಗೆ ಹೋಗ್ತಿದ್ರಿ?’ ಲಂಚವನ್ನು ಕೆಲಸಕ್ಕೆ ಮೊದಲು ಕೊಡುತ್ತಾರೆ, ಮೇಜಿನಡಿ ಕೊಡುತ್ತಾರೆ, ಮಾಡಬಾರದ್ದನ್ನು ಮಾಡಿಸಲು ಕೊಡುತ್ತಾರೆ. ಕಾಳ್ಯಾನಿಗೆ ಲಿವರು ಸಿಕ್ಕಿದ್ದು ಮೊಣಕೈ ನೆಲಕ್ಕೆ ತಾಗಿದ ಮೇಲೆ, ಮನೆಮಂದಿಯೆಲ್ಲ ನೋಡುತ್ತಿರುವಾಗ.

ಆದರೂ ಕಾಕಾನ ಮಾತಿನಲ್ಲಿ ಅರ್ಧ ನಿಜವಿದೆ. ಅದನ್ನು ಮುಚ್ಚಿಟ್ಟರೆ ನನ್ನದೇ ತಪ್ಪು. ಬಿಸ್ಕೀಟು ಕೈಯಲ್ಲಿ ಕಂಡರೆ ಮಾತ್ರ ಮಲಗುವ, ಕಾಣದಿದ್ದರೆ ಎದ್ದು ಹೋಗುವ ನಾಯಿಗಳು ಬೇಕಾದಷ್ಟಿವೆ. ಅದು ನಾಯಿಯ ದೋಷವಲ್ಲ, ಕಲಿಸಿದವರ ಆಲಸ್ಯ. ತಿನಿಸನ್ನು ಮೂಗಿನ ಮುಂದೆ ಹಿಡಿದು ದಾರಿ ತೋರಿಸುವುದು ಬೇರೆ, ಕೆಲಸ ಮುಗಿದ ಮೇಲೆ ಕೊಡುವುದು ಬೇರೆ. ಮೊದಲನೆಯದನ್ನು ಆದಷ್ಟು ಬೇಗ ಬಿಡಬೇಕು. ಅವನು ಮಲಗತೊಡಗಿದ ಮೇಲೆ ನಾನು ಲಿವರು ಹಿಡಿದು ದಾರಿ ತೋರಿಸಿದ್ದು ಎರಡು ದಿನ ಮಾತ್ರ. ಮೂರನೆಯ ದಿನ ಅದೇ ಕೈ, ಅದೇ ಚಲನೆ, ಬೆರಳಲ್ಲಿ ಮಾತ್ರ ಏನೂ ಇಲ್ಲ. ಅವನು ಮಲಗಿದ ಮೇಲೆ ಇನ್ನೊಂದು ಕೈಯಿಂದ, ಬೆನ್ನ ಹಿಂದಿನ ಡಬ್ಬಿಯಿಂದ ಚೂರು ಬಂತು. ಅಲ್ಲಿಗೆ ಅವನಿಗೆ ತಿಳಿದದ್ದು ಇಷ್ಟು: ತಿನಿಸು ಕಂಡದ್ದಕ್ಕೆ ಮಲಗುವುದಲ್ಲ, ಮಲಗಿದ್ದಕ್ಕೆ ತಿನಿಸು ಬರುತ್ತದೆ. ಆಮೇಲೆ ಮೂರು ಸಲಕ್ಕೊಮ್ಮೆ, ಐದು ಸಲಕ್ಕೊಮ್ಮೆ, ಲೆಕ್ಕ ಸಿಗದ ಹಾಗೆ ಕೊಟ್ಟೆ. ಹೀಗೆ ತಪ್ಪಿ ತಪ್ಪಿ ಸಿಗುವ ಪ್ರತಿಫಲವೇ ಕಲಿತದ್ದನ್ನು ಗಟ್ಟಿಯಾಗಿ ಉಳಿಸುತ್ತದೆಂದು ಅಮೆರಿಕದ ಬಿ. ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಪ್ರಯೋಗ ಬೇಡವೆನ್ನುವವರು ಲಾಟರಿ ಟಿಕೆಟು ಕೊಳ್ಳುವವರನ್ನು ನೋಡಿದರೂ ಸಾಕು.

ಎರಡನೆಯ ಆಕ್ಷೇಪ ಬಂದದ್ದು ಹಿಂದೆ ಎಲ್ಲೋ ನಾಯಿ ಪಳಗಿಸುವ ಕೆಲಸ ಮಾಡಿದ್ದೆ ಎನ್ನುವ ಒಬ್ಬರಿಂದ. ‘ಅಕ್ಕಾರ, ಮೂರು ವಾರ ಯಾಕ್ರೀ? ಮುಂಗಾಲು ಎಳದು, ಬೆನ್ನ ಮ್ಯಾಲೆ ಒತ್ತಿದ್ರ ಎರಡ ದಿನದಾಗ ಮಲಗತೈತಿ.’ ಮಲಗುತ್ತದೆ, ಇಲ್ಲವೆನ್ನುವುದಿಲ್ಲ. ಒತ್ತಿದರೆ ಯಾರಾದರೂ ಮಲಗುತ್ತಾರೆ. ಆದರೆ ಒತ್ತುವ ಕೈಗೆ ಎದುರಾಗಿ ಮೈ ಬಿಗಿಯುವುದು ನಾಯಿಯ ಸಹಜ ಗುಣ. ಹಗ್ಗ ಎಳೆದಷ್ಟೂ ಹಿಂದಕ್ಕೆ ಜಗ್ಗುವ ಎಮ್ಮೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀವು ಬೆನ್ನು ಒತ್ತಿದಾಗ ಅದು ಕಲಿಯುವುದು ಮಲಗುವುದನ್ನಲ್ಲ, ಎದುರಿಗೆ ನಿಲ್ಲುವುದನ್ನು. ಸೋತು ಮಲಗಿದರೆ ಕಲಿಯುವುದು ಇನ್ನೊಂದನ್ನು: ಈ ಮನುಷ್ಯ ಬಗ್ಗಿ ಬಂದರೆ ನೋವಾಗುತ್ತದೆ.

ಆ ಎರಡನೆಯ ಪಾಠ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಲೆಕ್ಕವಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಆಸ್ಪತ್ರೆಗೆ ನಾಯಿಯ ಸ್ವಭಾವದ ತೊಂದರೆ ಹೇಳಿಕೊಂಡು ಬಂದ 140 ಮಾಲೀಕರ ಉತ್ತರಗಳನ್ನು ಮೆಗನ್ ಹೆರಾನ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದರು. ನಾಯಿಗೆ ಹೊಡೆದ ಅಥವಾ ಒದ್ದ ಮಾಲೀಕರಲ್ಲಿ ಶೇ 43ರಷ್ಟು ಮಂದಿಗೆ ನಾಯಿ ತಿರುಗಿಬಿದ್ದಿತ್ತು. ಬೆನ್ನಡಿ ಮಾಡಿ ನೆಲಕ್ಕೆ ಅದುಮಿ ಹಿಡಿದವರಲ್ಲಿ ಇದು ಶೇ 31. ಅವು ಆಸ್ಪತ್ರೆಗೆ ಬರುವ ಮೊದಲೇ ತೊಂದರೆಯಲ್ಲಿದ್ದ ನಾಯಿಗಳು. ಆದ್ದರಿಂದ ಎಲ್ಲ ನಾಯಿಗಳಿಗೂ ಇದೇ ಶೇಕಡಾ ಹಚ್ಚಲು ಬರುವುದಿಲ್ಲ, ನಾನು ಹಚ್ಚುವುದೂ ಇಲ್ಲ. ಆದರೆ ‘ಎರಡ ದಿನದಾಗ’ ಎನ್ನುವವರು ಮೂರನೆಯ ದಿನದ ಮಾತು ಆಡುವುದೇ ಇಲ್ಲ. ಪೋರ್ಚುಗಲ್ಲಿನಲ್ಲಿ ತರಬೇತಿ ಶಾಲೆಗಳ 92 ನಾಯಿಗಳನ್ನು ಗಮನಿಸಿ 2020ರಲ್ಲಿ ಹೊರಬಂದ ಅಧ್ಯಯನವೂ ಇದೆ. ಜಗ್ಗಿ, ಗದರಿ ಕಲಿಸುವ ಶಾಲೆಗಳ ನಾಯಿಗಳು ತುಟಿ ನೆಕ್ಕುವುದು, ಆಕಳಿಸುವುದು, ಮೈ ಕುಗ್ಗಿಸುವುದು ಹೆಚ್ಚು. ಪಾಠದ ನಂತರ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನೂ ಹೆಚ್ಚು ಏರಿತ್ತು.

ನಮ್ಮ ದೇಶದಲ್ಲಿ ಪ್ರಾಣಿಯನ್ನು ಹೊಡೆದು ಒದ್ದು ಹಿಂಸಿಸುವುದು 1960ರ ಕಾಯಿದೆಯಂತೆ ಅಪರಾಧ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಈ ಕಾಲದಲ್ಲಿ ಒಂದು ಪ್ಲೇಟು ಮಿಸಳಕ್ಕೂ ಸಾಲದ ದುಡ್ಡು. ಹಾಗಾಗಿ ಕಾನೂನಿನ ಹೆದರಿಕೆ ತೋರಿಸುವ ಆಸೆ ನನಗಿಲ್ಲ.

ಒತ್ತುವವರಿಗೆ ನನ್ನ ದೊಡ್ಡ ಉತ್ತರ ಬೇರೆಯೇ ಇದೆ. ನಾಯಿ ಯಾಕೆ ಮಲಗುತ್ತಿಲ್ಲ ಎಂದು ಒತ್ತುವವರು ಕೇಳುವುದೇ ಇಲ್ಲ. ನಾನೂ ಮೊದಲ ವಾರ ಕೇಳಿರಲಿಲ್ಲ. ನಮ್ಮ ಅಂಗಳಕ್ಕೂ ಕಟ್ಟೆಗೂ ಶಹಾಬಾದಿ ಕಲ್ಲು ಹಾಸಿದೆ. ಈ ಭಾಗದ ಮಳೆ ಗೊತ್ತಲ್ಲ. ಕ್ಯಾಸಲ್‌ರಾಕ್ ಕಡೆ ವರ್ಷಕ್ಕೆ 5000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಜೂನಿನಿಂದ ದಸರೆವರೆಗೆ ಆ ಕಲ್ಲು ಒಣಗುವುದಿಲ್ಲ, ಹುಲ್ಲಿನಲ್ಲಿ ಉಂಬಳ ಬೇರೆ. ನಾನು ನಿತ್ಯ ಸಂಜೆ ಅದೇ ಕಲ್ಲಿನ ಮೇಲೆ ನಿಂತು ‘ಮಲಗು’ ಅನ್ನುತ್ತಿದ್ದೆ. ಹೊಟ್ಟೆಯ ಮೇಲೆ ಕೂದಲೇ ಇಲ್ಲದ ಪ್ರಾಣಿಗೆ! ಒಂದು ದಿನ ಮಳೆ ಜೋರಾಗಿ ಅಡುಗೆಮನೆಯ ಒಳಗೇ ಪಾಠ ಹಾಕಿಕೊಂಡೆ. ಒಲೆಯ ಪಕ್ಕ ಒಣ ಗೋಣಿಚೀಲ ಹಾಸಿತ್ತು. ಒಂದು ವಾರದಲ್ಲಿ ಬಗ್ಗದ ಮೊಣಕೈ ಅಲ್ಲಿ ಹತ್ತು ನಿಮಿಷದಲ್ಲಿ ಬಗ್ಗಿತು. ಅವನು ಬೇಡವೆಂದದ್ದು ನನ್ನ ಮಾತನ್ನಲ್ಲ, ನೆಲವನ್ನು.

ಹೀಗೆ ಬೇಡವೆನ್ನಲು ನಾಯಿಗೆ ಇನ್ನೂ ಕಾರಣಗಳಿರುತ್ತವೆ. ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಕಚ್ಚಿ ಕೀವಾಗಿರಬಹುದು. ವಯಸ್ಸಾದ ನಾಯಿಗೆ ಸೊಂಟದ ಕೀಲು, ಮೊಣಕೈ ಕೀಲು ಸವೆದಿರಬಹುದು. ಕುಳಿತದ್ದರಿಂದ ಮಲಗುವುದಕ್ಕೆ ಇಳಿಯುವಾಗ ಮೈಭಾರವೆಲ್ಲ ಬೀಳುವುದು ಆ ಮೊಣಕೈಗಳ ಮೇಲೆಯೇ. ಮುಧೋಳ ನಾಯಿ ಸಾಕಿದವರಿಗೆ ಇದು ಚೆನ್ನಾಗಿ ಗೊತ್ತು: ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು, ಎಲುಬೇ ನೆಲಕ್ಕೆ ತಾಗುತ್ತದೆ. ಬರಿ ನೆಲದ ಮೇಲೆ ಮಲಗಲು ಅದು ಹಿಂದೆಮುಂದೆ ನೋಡಿದರೆ ಅಹಂಕಾರ ಅಂತೀರಾ? ಇನ್ನು ಕಾಡಂಚಿನ ನಾಯಿಯದು ಬೇರೆಯೇ ಲೆಕ್ಕ. ನಮ್ಮ ಕಡೆ ಕಟ್ಟೆಯ ಮೇಲಿಂದ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಗುವುದು ಹೊಸ ಸುದ್ದಿಯಲ್ಲ. ಮಲಗಿದ ನಾಯಿಗಿಂತ ಕುಳಿತ ನಾಯಿ ಬೇಗ ಓಡುತ್ತದೆ. ಕತ್ತಲಾದ ಮೇಲೆ ಹೊರಗೆ ಮಲಗು ಎಂದು ಗದರುವವರು ಒಂದು ರಾತ್ರಿ ತಾವೇ ಅಲ್ಲಿ ಮಲಗಿ ನೋಡಲಿ.

ನಾನು ಮಾಡಿದ್ದನ್ನು ಹೇಳುತ್ತೇನೆ, ಬೇಕಾದವರು ನೋಡಿಕೊಳ್ಳಲಿ. ನಾಯಿ ಅಡ್ಡಾಡಿ ಬಂದು ಸ್ವಲ್ಪ ದಣಿದಿರುವ ಹೊತ್ತು, ಒಣ ಗೋಣಿ ಅಥವಾ ಹಳೆಯ ಕಂಬಳಿ, ಬೇರೆ ನಾಯಿಗಳಿಲ್ಲದ ಜಾಗ. ಕೂಡ್ರಿಸಿ, ತಿನಿಸನ್ನು ಮೂಗಿಗೆ ತಾಗುವ ಹಾಗೆ ಹಿಡಿದು ಮೆಲ್ಲಗೆ ನೇರ ಕೆಳಗೆ, ಮುಂಗಾಲುಗಳ ನಡುವಿಗೆ ಇಳಿಸಬೇಕು. ಅಲ್ಲಿಂದ ನೆಲಕ್ಕಂಟಿಸಿಕೊಂಡೇ ನಿಮ್ಮ ಕಡೆ ಎಳೆದುಕೊಳ್ಳಬೇಕು. ಕೈ ಬೇಗ ಮುಂದೆ ಹೋದರೆ ನಾಯಿ ಎದ್ದು ಬರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಹಿಂಭಾಗ ಎದ್ದರೆ ಬಯ್ಯುವುದಿಲ್ಲ, ಕೈ ಹಿಂದಕ್ಕೆ, ಮತ್ತೆ ಮೊದಲಿಂದ. ಕಾಳ್ಯಾನಂಥ ಹಟಮಾರಿಗೆ ಪೂರ್ತಿ ಮಲಗುವವರೆಗೆ ಕಾಯಲೂ ಬಾರದು. ಮೊದಲು ತಲೆ ತಗ್ಗಿಸಿದ್ದಕ್ಕೇ ಒಂದು ಚೂರು. ಆಮೇಲೆ ಭುಜ ಇಳಿಸಿದ್ದಕ್ಕೆ, ಆಮೇಲೆ ಒಂದು ಮೊಣಕೈ ತಾಗಿದ್ದಕ್ಕೆ, ಕೊನೆಗೆ ಎರಡೂ ತಾಗಿದ್ದಕ್ಕೆ. ತಾಗಿದ ಆ ಗಳಿಗೆಯಲ್ಲೇ ‘ಹಾಂ!’ ಎಂದು ಒಂದೇ ಧಾಟಿಯ ಚಿಕ್ಕ ಶಬ್ದ, ಅದರ ಬೆನ್ನಿಗೇ ತಿನಿಸು. ಶಬ್ದ ತಡವಾದರೆ ಅವನು ಎದ್ದದ್ದಕ್ಕೆ ನೀವು ಪಗಾರ ಕೊಟ್ಟಂತಾಗುತ್ತದೆ. ಇಷ್ಟಕ್ಕೂ ಇಳಿಯದಿದ್ದರೆ ನೀವೇ ನೆಲಕ್ಕೆ ಕುಳಿತು ಒಂದು ಮೊಣಕಾಲನ್ನು ಕಮಾನಿನ ಹಾಗೆ ಎತ್ತಿ, ಅದರಡಿಯಿಂದ ತಿನಿಸು ತೋರಿಸಿ. ನುಸುಳಿ ಬರಲು ಹೊಟ್ಟೆ ನೆಲಕ್ಕೆ ಹಚ್ಚಲೇಬೇಕು. ಒಂದು ಪಾಠ ಮೂರು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಕೈ ತೋರಿಸಿದರೆ ಹತ್ತರಲ್ಲಿ ಒಂಬತ್ತು ಸಲ ಮಲಗತೊಡಗಿದ ಮೇಲೆಯೇ ‘ಮಲಗು’ ಎಂಬ ಮಾತನ್ನು ಮತ್ತೆ ಸೇರಿಸಿದ್ದು. ಅರ್ಥವಾಗುವ ಮೊದಲೇ ನೂರು ಸಲ ಕೂಗಿದ ಮಾತು ನಾಯಿಯ ಕಿವಿಗೆ ಗಾಳಿಯ ಸದ್ದಿದ್ದಂತೆ.

ಮೂರನೆಯ ಆಕ್ಷೇಪ ತೋಳದ್ದು. ಟಿವಿ ನೋಡಿ ಬಂದ ಹುಡುಗರ ಮಾತು: ನಾಯಿ ತೋಳದ ವಂಶ, ತೋಳದ ಗುಂಪಿಗೆ ಒಬ್ಬ ನಾಯಕ, ನೀನು ನಾಯಕನೆಂದು ತೋರಿಸದಿದ್ದರೆ ಅದು ನಿನ್ನ ತಲೆಯ ಮೇಲೆ ಹತ್ತುತ್ತದೆ. ಈ ಕಥೆಯ ಬೇರು ಇರುವುದು ಮೃಗಾಲಯದಲ್ಲಿ. ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿ, ಅವು ಕಚ್ಚಾಡಿದ್ದನ್ನು ನೋಡಿ ಬರೆದ ಸಿದ್ಧಾಂತ ಅದು. 1970ರ ತಮ್ಮ ಪುಸ್ತಕದಿಂದ ಅದನ್ನು ಮನೆಮಾತಾಗಿಸಿದ ಡೇವಿಡ್ ಮೆಕ್ ಅವರೇ ಆಮೇಲೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳ ಜೊತೆ ಬೇಸಿಗೆಗಳನ್ನು ಕಳೆದರು. ಅಲ್ಲಿ ಕಂಡದ್ದು ಅಪ್ಪ, ಅಮ್ಮ, ಮಕ್ಕಳ ಸಂಸಾರ. 1999ರಲ್ಲಿ ತಮ್ಮ ಹಳೆಯ ಮಾತು ಸರಿಯಲ್ಲವೆಂದು ತಾವೇ ಬರೆದು, ಆ ಪುಸ್ತಕದ ಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರಿಗೆ ದುಂಬಾಲು ಬಿದ್ದರು. ಬರೆದವರೇ ಕೈಬಿಟ್ಟ ಕಥೆಯನ್ನು ನಾವು ಕಾಳ್ಯಾನ ಬೆನ್ನ ಮೇಲೆ ಯಾಕೆ ಹೇರಬೇಕು? ಅವನು ನನ್ನ ತಲೆಯ ಮೇಲೆ ಹತ್ತಿಲ್ಲ. ಮಂಚದ ಮೇಲೆ ಹತ್ತುತ್ತಾನೆ, ಅದು ಬೇರೆ ವಿಷಯ.

ಪೊಲೀಸ್ ನಾಯಿ, ಸೈನ್ಯದ ನಾಯಿ ಪೆಟ್ಟು ತಿಂದೇ ಕಲಿತದ್ದಲ್ಲವೇ ಎಂದವರಿಗೆ ಚಿಕ್ಕ ಉತ್ತರ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿಯ ಕಾಲದಲ್ಲಿ ಹೌದು, ದಂಡವೇ ಮುಂದಿತ್ತು. ಅದಕ್ಕೆ ನೂರು ವರ್ಷ ದಾಟಿತು. ಇಂದು ಮೂಸಿ ಹುಡುಕುವ ನಾಯಿಯನ್ನು ನೋಡಿ: ವಾಸನೆ ಹಿಡಿದೊಡನೆ ಅದರ ಕಣ್ಣು ಹೋಗುವುದು ಪೊಲೀಸನ ಜೇಬಿನ ಚೆಂಡಿನ ಕಡೆ. ಅದರ ಪಗಾರ ಆ ಚೆಂಡು.

ನನಗೆ ನಿಜವಾಗಿ ಕಷ್ಟವಾದ ಆಕ್ಷೇಪ ಗೌಳಿವಾಡದ ಕಡೆಯ ಒಬ್ಬ ಅಜ್ಜನದು. ಹಳಿಯಾಳ, ಮುಂಡಗೋಡ, ಜೋಯಿಡಾ ಕಾಡಂಚಿನ ಗೌಳಿಗರ ಎಮ್ಮೆ ಹಿಂಡಿನ ಜೊತೆ ಹೋಗುವ ನಾಯಿಗಳನ್ನು ನೋಡಬೇಕು. ಹಿಂಡು ಮೇಯುವಾಗ ದಿಬ್ಬದ ಮೇಲೆ ಮಲಗಿರುತ್ತವೆ, ಹಿಂಡು ಎದ್ದರೆ ಏಳುತ್ತವೆ. ಯಾರೂ ಲಿವರು ಕೊಟ್ಟಿಲ್ಲ, ‘ಹಾಂ’ ಅಂದಿಲ್ಲ. ‘ನಮ್ಮ ನಾಯಿ ತಾನಾಗಿ ಕಲೀತಾವ, ನಿಮ್ಮ ನಾಯಿಗೆ ಶಾಲಿ ಬೇಕೇನು?’ ಎಂದು ಅಜ್ಜ ನಕ್ಕ.

ಅಜ್ಜನ ಮುಂದೆ ನಾನು ಸೋತೆ ಎಂದೇ ಬರೆದುಕೊಳ್ಳಿ, ಆದರೆ ಸೋತ ಕಡೆಯಲ್ಲೇ ನನ್ನ ವಾದಕ್ಕೆ ಸಾಕ್ಷಿಯೂ ಸಿಕ್ಕಿತು. ಸಂಜೆ ಅಲ್ಲೇ ಕುಳಿತು ನೋಡಿದೆ. ಹಾಲು ಕರೆಯುವಾಗ ನಾಯಿ ಎಮ್ಮೆಯ ಕಾಲಿಗೆ ಅಡ್ಡಾಡಿದರೆ ಯಾರೂ ಅದರ ಕಡೆ ನೋಡಲಿಲ್ಲ. ದೂರ ಹೋಗಿ ಮಲಗಿತು. ಕರೆಯುವುದು ಮುಗಿದದ್ದೇ ಆ ಮನೆಯ ಅಜ್ಜಿ ನಾಯಿ ಮಲಗಿದ್ದಲ್ಲಿಗೇ ಮಜ್ಜಿಗೆ ಸುರಿದ ರೊಟ್ಟಿ ಚೂರು ಒಯ್ದು ಇಟ್ಟಳು. ಅದೇ ಹೊತ್ತು, ಅದೇ ಜಾಗ, ನಿತ್ಯ. ಅಜ್ಜಿ ಯಾವ ಪುಸ್ತಕವನ್ನೂ ಓದಿಲ್ಲ. ಆದರೆ ತಾನಾಗಿ ಮಲಗಿದ ನಾಯಿಗೆ ಮಲಗಿದಲ್ಲೇ ಕೊಡುವುದು ಈ ವಿದ್ಯೆಯ ಎಲ್ಲಕ್ಕಿಂತ ಒಳ್ಳೆಯ ದಾರಿ, ನನ್ನ ಮೊಣಕಾಲ ಕಮಾನಿಗಿಂತ ಒಳ್ಳೆಯದು. ಮನೆಗೆ ಬಂದು ನಾನೂ ಅದನ್ನೇ ಹಿಡಿದೆ. ಕಾಳ್ಯಾ ಮಧ್ಯಾಹ್ನ ತನ್ನಷ್ಟಕ್ಕೆ ತಾನು ಗೋಣಿಯ ಮೇಲೆ ಉರುಳಿದಾಗಲೆಲ್ಲ ಸದ್ದಿಲ್ಲದೆ ಹೋಗಿ ಒಂದು ಚೂರು ಇಟ್ಟು ಬಂದೆ. ಮೂರನೆಯ ವಾರ ಪಾಠ ಓಡಿದ್ದು ಅದರಿಂದ. ಯಾರೂ ಕಲಿಸಲಿಲ್ಲ ಎನ್ನುವುದನ್ನು ಮಾತ್ರ ಒಪ್ಪುವುದಿಲ್ಲ, ಅಜ್ಜಾ. ಅಜ್ಜಿ ಕಲಿಸಿದ್ದಾರೆ.

ಖರ್ಚಿನ ಮಾತು. ಲಿವರು ಕೊಟ್ಟರೆ ದುಡ್ಡು ಹಾಳು, ನಾಯಿ ಕೊಬ್ಬುತ್ತದೆ ಎಂದರು. ಚೂರು ಅಂದರೆ ಕಡಲೆಕಾಳಿನಷ್ಟು. ಒಂದು ಪಾಠಕ್ಕೆ ಹದಿನೈದು ಸಾಕು. ಅಷ್ಟನ್ನು ರಾತ್ರಿಯ ಅನ್ನದಲ್ಲಿ ಕಡಿಮೆ ಮಾಡಿದರೆ ಆಯಿತು. ಲಿವರೇ ಬೇಕೆಂದಿಲ್ಲ: ಬೇಯಿಸಿದ ಮೊಟ್ಟೆ, ರೊಟ್ಟಿಯ ತುಣುಕು ಆಗುತ್ತದೆ. ವರ್ಷಕ್ಕೊಮ್ಮೆ ಗೆಡ್ಡೆಗೆಣಸಿನ ಮೇಳ ನಡೆಯುವ ಜೋಯಿಡಾದವರಿಗೆ ಬೇಯಿಸಿದ ಸಿಹಿಗೆಣಸಿಗೆ ಬರವೇ? ಕೆಸುವಿನ ಗೆಡ್ಡೆ ಹಸಿಯಾಗಿ ಕೊಡಬೇಡಿ, ನಮ್ಮ ಗಂಟಲಿಗೆ ಆಗುವ ತುರಿಕೆ ಅದಕ್ಕೂ ಆಗುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕಲೇಟು ಯಾವ ನಾಯಿಗೂ ಬೇಡ. ಒಣಮೀನನ್ನು ಉಪ್ಪು ತೊಳೆದೇ ಕೊಡಬೇಕು.

ದಾಂಡೇಲಿಯ ನೆಂಟರು ಎತ್ತಿದ್ದು ಭಾಷೆಯ ಪ್ರಶ್ನೆ, ಅದು ನನಗೆ ಇಷ್ಟವಾಯಿತು. ನಮ್ಮ ಮನೆಯಲ್ಲಿ ನಾಯಿಗೆ ನಾನು ‘ಮಲಗು’ ಅಂದರೆ ಪಕ್ಕದ ಮನೆಯ ಮಾವಶಿ ಮರಾಠಿಯಲ್ಲಿ ‘ಝೋಪ್’ ಅನ್ನುತ್ತಾರೆ, ಕೊಂಕಣಿಯವರು ‘ನಿದ್’ ಅನ್ನುತ್ತಾರೆ. ‘ಬಸ್’ ಅಂದರೆ ಮರಾಠಿಯಲ್ಲಿ ಕೂಡ್ರು, ಹಿಂದಿಯಲ್ಲಿ ಸಾಕು, ಕನ್ನಡದಲ್ಲಿ ಹಳಿಯಾಳಕ್ಕೆ ಹೋಗುವ ಗಾಡಿ. ನಾಯಿ ಗೊಂದಲಕ್ಕೆ ಬೀಳದೆ ಇರುತ್ತದೆಯೇ ಎಂದು ಕೇಳಿದರು. ಬೀಳುತ್ತದೆ. ಆದರೆ ನಾಯಿ ಮಾತಿಗಿಂತ ಮೊದಲು ಮೈಯನ್ನು ಓದುತ್ತದೆ. ಅಂಗೈ ಕೆಳಗೆ ಮಾಡಿ ಇಳಿಸುವ ಸನ್ನೆ ಎಲ್ಲರದೂ ಒಂದೇ ಇದ್ದರೆ ಮಾತು ಯಾವುದಾದರೂ ನಡೆಯುತ್ತದೆ. ಈಗ ಮಾವಶಿ ಅಂಗೈ ಇಳಿಸಿದರೂ ಕಾಳ್ಯಾ ಮಲಗುತ್ತಾನೆ, ಅವರ ಹತ್ತಿರ ಸಿಗುವುದು ಬೆಣ್ಣೆ ಸವರಿದ ಭಾಕ್ರಿ. ನನ್ನ ಸನ್ನೆಗಿಂತ ಅವರ ಸನ್ನೆಗೇ ಚುರುಕಾಗಿ ಮಲಗುತ್ತಾನೆ.

ಊರ ನಾಯಿ ಮಲಗುವುದನ್ನು ಕಲಿತು ಏನಾಗಬೇಕು ಎಂಬ ಪ್ರಶ್ನೆಯೂ ಉಳಿದಿದೆ. ನಾವಿರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲಿ. ಜಿಂಕೆಯ ಹಿಂದೆ ಕಾಡಿಗೆ ನುಗ್ಗುವ ನಾಯಿ ಒಬ್ಬಂಟಿಯಾಗಿ ಹೋಗುವುದಿಲ್ಲ, ತನ್ನ ರೋಗಗಳನ್ನೂ ಒಯ್ಯುತ್ತದೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಪತ್ತೆಯಾದದ್ದು ಡಿಸ್ಟೆಂಪರ್ ವೈರಸ್ಸು, ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು. ಲಸಿಕೆ ಹಾಕಿಸುವುದು ಮೊದಲ ಕೆಲಸ. ಬೇಲಿ ದಾಟುವ ಮುನ್ನ ಒಂದು ಮಾತಿಗೆ ನೆಲಕ್ಕಿಳಿಯುವ ನಾಯಿ ಇರುವುದು ಎರಡನೆಯದು. ಪಶುವೈದ್ಯರ ಸೂಜಿಗೆ, ಕಾಲಿನ ಉಣ್ಣೆ ತೆಗೆಯುವುದಕ್ಕೆ, ಬಾಗಿಲಿಗೆ ಬಂದ ಶಾಲೆಯ ಮಕ್ಕಳು ಹೆದರದಿರುವುದಕ್ಕೆ ಬೇಕಾಗುವುದೂ ಇದೇ.

ಕೊನೆಯ ಆಕ್ಷೇಪಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ‘ಹಂದಿ ಗದ್ದೆಗೆ ಇಳಿದಾಗ ಮಲಗು ಅನ್ರಿ ನೋಡೋಣು’ ಎಂದು ಕಾಕಾ ಸವಾಲು ಹಾಕಿದ್ದರು. ಸುಗ್ಗಿಯ ಮೊದಲು ಒಂದು ರಾತ್ರಿ ಹಂದಿ ಬಂತು. ಅಂದೆ. ಅಂಗೈಯನ್ನೂ ಇಳಿಸಿದೆ, ಡಬ್ಬಿಯಲ್ಲಿ ಲಿವರೂ ಇತ್ತು. ಕಾಳ್ಯಾ ಒಮ್ಮೆ ತಿರುಗಿ ನೋಡಿ ಬೇಲಿ ಹಾರಿದ. ಈಗ ಇಪ್ಪತ್ತು ಮಾರು ದೂರದಲ್ಲಿ ಕೋಳಿಗಳನ್ನು ಬಿಟ್ಟು ಅಭ್ಯಾಸ ನಡೆಸಿದ್ದೇನೆ. ಕೋಳಿಗೆ ಮಲಗುತ್ತಾನೆ.